ಮಾವನವರನ್ನು ಆಕಾಶಕ್ಕೆ ಕಳಿಸಿದ್ದು

ಮುಖ ನೋಡಿ ಪುಸ್ತಕ ಕೊಡುವುದರಲ್ಲಿ ತನ್ನನ್ನು ಮೀರಿಸುವವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಹಳೆ ಪುಸ್ತಕದಂಗಡಿಯ ಯಜಮಾನರ ನಂಬಿಕೆ. ಇಪ್ಪತ್ತು ವರ್ಷದ ವ್ಯಾಪಾರ! ಯಾವ ಪುಸ್ತಕದಲ್ಲೂ ಅವರು ಓದುವುದು ಎರಡೇ ಪುಟ: ಮೊದಲನೆಯದು, ಕೊನೆಯದು. ನಡುವಿನದೆಲ್ಲ ಗಿರಾಕಿಯ ಪಾಲು. ಇದನ್ನು ಬಲ್ಲ ಹೆಂಡತಿ ಅವರಿಗೆ ‘ರಟ್ಟುಪಂಡಿತ’ ಎಂಬ ಬಿರುದನ್ನು ದಯಪಾಲಿಸಿದ್ದಳು.

ಸೈನ್ಯದ ಉಗ್ರಾಣದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮಾವನವರು ಒಂದು ವಾರಕ್ಕೆಂದು ಬಂದಿಳಿದರು. ಬಂದ ದಿನವೇ ಮನೆಯ ಚಪ್ಪಲಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತವು. ಹಲ್ಲುಜ್ಜುವ ಅಳಿಯನ ಪಕ್ಕದಲ್ಲಿ ಮಾವನವರು ಗಡಿಯಾರ ಹಿಡಿದು ನಿಂತರು.

“ಭಾನುವಾರ ಹೊರಡ್ತಾರೆ. ಅಲ್ಲೀವರೆಗೆ ತಡ್ಕೊಳ್ಳಿ,” ಎಂದಳು ಹೆಂಡತಿ.

“ತಡ್ಕೊಳ್ಳೋದ್ಯಾಕೆ? ನಿಮ್ಮಪ್ಪನ್ನ ಇವತ್ತೇ ಆಕಾಶಕ್ಕೆ ಕಳಿಸ್ತೀನಿ ನೋಡು!”

“ಏನಂದ್ರೀ?”

“ಕಾದಂಬರೀಲಿ ಕಣೇ! ನಕ್ಷತ್ರಗಳ ಮಧ್ಯೆ ಸೈನ್ಯ, ಫಿರಂಗಿ, ಯುದ್ಧ! ಹಿಡಿದ್ರೆ ತಲೆ ಎತ್ತಲ್ಲ.”

ಅಂಗಡಿಯಿಂದ ‘ಶನಿಯ ದಂಡಯಾತ್ರೆ’ ಬಂತು. “ಮಾವ, ಇದಕ್ಕಿಂತ ಒಳ್ಳೇದು ಸಿಗಲ್ಲ. ನಾನೇ ಎರಡು ಸಲ ಓದಿದೀನಿ.”

“ಎರಡು ಪುಟ,” ಎಂದಿತು ಅಡುಗೆಮನೆ.

ಎರಡು ದಿನ ಮನೆ ತಣ್ಣಗಿತ್ತು. ಪಂಡಿತರು ಮೀಸೆ ತಿರುವಿದರು. ಮೂರನೆಯ ದಿನ ಬೆಳಗ್ಗೆ ಐದಕ್ಕೆ ಕಿವಿ ಸೀಳುವ ಸೀಟಿ!

“ಏಳಿ! ತಲೆಗೆ ಅರ್ಧ ಬಕೆಟ್ ನೀರು! ನೌಕೆಯಲ್ಲಿ ನಾನೂರು ಜನ ಅಷ್ಟರಲ್ಲೇ ಸ್ನಾನ ಮಾಡ್ತಾರೆ, ನಿಮಗೇನು ರೋಗ?”

ಕಾದಂಬರಿಯ ನಡುವಿನ ಇನ್ನೂರು ಪುಟಗಳಲ್ಲಿ ಯುದ್ಧವೇ ಇರಲಿಲ್ಲ, ಬರೀ ಉಗ್ರಾಣ! ಮಧ್ಯಾಹ್ನದ ಹೊತ್ತಿಗೆ ಬಿಸ್ಕತ್ತಿನ ಡಬ್ಬಕ್ಕೆ ಬೀಗ ಬಿತ್ತು. ಸೋಪು ಬೇಕಾದರೆ ಅರ್ಜಿ, ಅದರಲ್ಲೂ ಹಳೆಯ ಚೂರನ್ನು ಹಾಜರುಪಡಿಸಿದ ಮೇಲೆ.

“ನನ್ನ ಅಡುಗೆಮನೆಗೆ ನಾನೇ ಪಾಸು ತೋರಿಸ್ಬೇಕಂತೆ!” ಹೆಂಡತಿ ಸೌಟು ಎತ್ತಿದಳು. “ಹತ್ತಿಸಿದೋರು ನೀವು, ನೀವೇ ಇಳಿಸಿ!”

“ಪುಸ್ತಕದಿಂದ ಹತ್ತಿದ್ದನ್ನ ಪುಸ್ತಕದಿಂದಲೇ ಇಳಿಸ್ತೀನಿ!”

ಪಂಡಿತರು ಅಂಗಡಿಯ ಏಣಿ ಹತ್ತಿ ನಲವತ್ತು ಬಾಹ್ಯಾಕಾಶ ಯುದ್ಧಗಳ ಕೊನೆಯ ಪುಟ ತಿರುವಿದರು. ಮೂವತ್ತೊಂಬತ್ತರಲ್ಲಿ ಮುಂದಿನ ಯುದ್ಧ ಶುರುವಾಗುತ್ತಿತ್ತು. ನಲವತ್ತನೆಯದು ‘ಕೊನೆಯ ದಳಪತಿ’. ಅದರ ಕಡೆಯ ಸಾಲು: ‘ದಳಪತಿ ಪೆಟ್ಟಿಗೆ ಕಟ್ಟಿಕೊಂಡು, ಯಾರಿಗೂ ತೊಂದರೆ ಕೊಡದೆ, ತನ್ನ ಮನೆಗೆ ಹೊರಟುಹೋದ.’

ಆಹಾ! ಈ ಸಾಲಿಗಾಗಿಯೇ ಮುದ್ರಣಯಂತ್ರ ಹುಟ್ಟಿದ್ದು!

ಪುಸ್ತಕ ಅಂದೇ ಮಾವನವರ ಕೈ ಸೇರಿತು. ಶನಿವಾರ ಸಂಜೆ ಅವರು ಅದನ್ನು ಓದಿ ಮುಚ್ಚಿದರು. ಕಣ್ಣು ಒದ್ದೆ.

“ಅಳಿಯಂದ್ರೇ, ನಿಮ್ಮ ಮನಸ್ಸು ಅರ್ಥ ಆಯ್ತು. ಬಾಯಿಬಿಟ್ಟು ಹೇಳೋಕೆ ಸಂಕೋಚ, ಅದಕ್ಕೆ ಪುಸ್ತಕ ಕೊಟ್ರಿ.”

ಪಂಡಿತರು ವಿನಯದಿಂದ ನೆಲ ನೋಡಿದರು. “ತಪ್ಪು ತಿಳ್ಕೋಬೇಡಿ ಮಾವ.”

“ತಪ್ಪೇನು ಬಂತು? ಮಧ್ಯಾಹ್ನಾನೇ ಹೋಗಿ ಟಿಕೆಟ್ ರದ್ದು ಮಾಡಿಸ್ದೆ!”

“ರ... ರದ್ದಾ? ದಳಪತಿ ಮನೆಗೆ ಹೋಗ್ತಾನಲ್ಲ ಮಾವ!”

“ಹೋಗ್ತಾನೆ, ಕೊನೇಲಿ! ದಳದಲ್ಲಿ ಒಬ್ಬ ಮಹಾ ಸೋಮಾರಿ. ‘ನನ್ನನ್ನ ಮನುಷ್ಯನ್ನಾಗಿ ಮಾಡೋವರೆಗೂ ಹೋಗ್ಬೇಡಿ’ ಅಂತ ದಳಪತಿ ಕಾಲು ಹಿಡ್ಕೊಳ್ತಾನಲ್ಲ, ಅದನ್ನ ಓದೋವಾಗ ನೀವೇ ಕಣ್ಮುಂದೆ ಬಂದ್ರಿ!”

ಹೆಂಡತಿ ಬಾಗಿಲ ಹಿಂದೆ ನಗು ತಡೆಯಲಾರದೆ ಕುಸಿದು ಕೂತಳು.

“ಅದು... ಎಷ್ಟನೇ ಪುಟ?” ಪಂಡಿತರ ದನಿ ಪಾತಾಳದಿಂದ ಬಂತು.

“ನೂರರವತ್ತು. ಸರಿಯಾಗಿ ಮಧ್ಯದಲ್ಲಿ. ನೀವು ಓದಿದೀರಲ್ಲ!”

“ಓ, ಓದಿದೀನಿ. ಮರೆತಿದ್ದೆ. ಆ ಸೋಮಾರಿ ಸುಧಾರಿಸೋಕೆ ಎಷ್ಟು ದಿನ ಹಿಡೀತು?”

“ದಿನಾನಾ?” ಮಾವನವರು ಜೇಬಿನಿಂದ ಸೀಟಿ ತೆಗೆದು ಪಂಚೆಯಂಚಿನಲ್ಲಿ ಒರೆಸಿದರು. “ಹನ್ನೊಂದು ವರ್ಷ!”