ಕಾಣೆಯಾದ ಶಾಖ

ನಾನು ಸುಳ್ಳು ಹೇಳುವವಳಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅಂಕಿಗಳನ್ನು ಕೊಂಚ ಸರಿಮಾಡುವ ಅಭ್ಯಾಸ ಮಾತ್ರ ಚಿಕ್ಕಂದಿನಿಂದಲೂ ಇದೆ. ತೂಕದ ಯಂತ್ರದ ಮೇಲೆ ನಿಂತರೆ ಬಟ್ಟೆಯ ಬಾಬ್ತು ಎಂದು ಎರಡು ಕೆಜಿ ಕಳೆಯುತ್ತೇನೆ, ಉಟ್ಟಿರುವುದು ಹಳೆಯ ನೈಟಿಯೇ ಆಗಿದ್ದರೂ ಸರಿ. ಮನೆಯಲ್ಲೇ ಚಪ್ಪಲಿ ಹುಡುಕುತ್ತಿರುವಾಗ ಯಾರಾದರೂ ಫೋನ್ ಮಾಡಿದರೆ "ಐದೇ ನಿಮಿಷ, ಹತ್ರಾನೇ ಇದೀನಿ" ಅನ್ನುತ್ತೇನೆ. ಇದರಿಂದ ಯಾರಿಗೂ ತೊಂದರೆಯಾಗಿಲ್ಲ ಎಂದುಕೊಂಡಿದ್ದೆ, ನಲವತ್ತಮೂರನೆಯ ವಯಸ್ಸಿನಲ್ಲಿ ಎಂಜಿನಿಯರಿಂಗ್ ಸೇರುವವರೆಗೆ.

ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿ, ಮದುವೆಯಾಗಿ, ಗಂಡನ ಐಟಿ ವೀಸಾದ ಬಾಲ ಹಿಡಿದು ಸಿಡ್ನಿಗೆ ಬಂದವಳು ನಾನು. ಕಾಯಂ ಆಗಿ ನೆಲೆಸಲು ಪಿಆರ್ ಬಂತು, ಕೆಲ್ಲಿವಿಲ್‌ನಲ್ಲಿ ಮನೆ ಬಂತು, ಜೊತೆಗೆ ಮಾರ್ಟ್‌ಗೇಜೂ ಬಂತು. ಡಿಗ್ರಿಯೊಂದು ಬಾಕಿ ಉಳಿದಿತ್ತು. ಮಗ ಕಾಲೇಜು ಮುಗಿಸಿ ಹೊರಟ ವರ್ಷ, ಅವನ ಬ್ಯಾಗನ್ನೇ ಹೆಗಲಿಗೇರಿಸಿಕೊಂಡು ಪ್ಯಾರಮಟ್ಟಾದ ಕ್ಯಾಂಪಸ್ಸಿಗೆ ಹೋಗತೊಡಗಿದೆ. ಎಲೆಕ್ಟ್ರಿಕಲ್ ಕಲಿಯಲು ಹೋದವಳಿಗೆ ಮೊದಲು ಬಡಿಸಿದ್ದು ಕೆಮಿಸ್ಟ್ರಿ. ಶಕ್ತಿ, ಶಾಖ, ಎಂಥಾಲ್ಪಿ. ಇವೆಲ್ಲದರ ವ್ಯಾಖ್ಯೆಗಳು ನನಗೆ ಬಾಯಿಪಾಠವಾಗಿದ್ದವು, ಈಗಲೂ ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೆ ಒಪ್ಪಿಸುತ್ತೇನೆ. ಅವುಗಳ ಅರ್ಥವೇನು ಎಂದು ತುಮಕೂರಿನಲ್ಲಿ ಯಾರೂ ಕೇಳಿರಲಿಲ್ಲ, ನಾನಂತೂ ಕೇಳಿಕೊಂಡಿರಲಿಲ್ಲ.

ಲ್ಯಾಬಿನಲ್ಲಿ ನನ್ನ ಜೊತೆಗಾತಿ ಶರಲ್. ಹದಿನೆಂಟರ ಹುಡುಗಿ, ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಮನೆಯವಳು, ಹುಟ್ಟಿ ಬೆಳೆದದ್ದು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಓದಲು ಒಬ್ಬಳೇ ಸಿಡ್ನಿಗೆ ಬರುತ್ತೇನೆಂದು ಹಟ ಹಿಡಿದಾಗ ಅವಳಮ್ಮ, "ಒಂದೇ ಒಂದು ಕಂಪ್ಲೇಂಟ್ ಬಂದ್ರೂ ವಾಪಸ್ ಬಾಕ್ಸ್ ಹಿಲ್" ಎಂಬ ಕರಾರಿನ ಮೇಲೆ ಕಳಿಸಿದ್ದರಂತೆ. ಮೊದಲ ದಿನವೇ ಅವಳು ನನ್ನನ್ನು "ಆಂಟಿ" ಅಂದಳು. ಆಮೇಲೆ ಇಡೀ ಕ್ಲಾಸೇ ಹಾಗೆ ಕರೆಯತೊಡಗಿತು, ಚೀನಾದ ಹುಡುಗರೂ ಸೇರಿ.

ಆ ದಿನದ ಪ್ರಯೋಗ ಬಹಳ ಸುಲಭದ್ದು. ಕಾಫಿ ಕುಡಿಯುವ ಥರ್ಮೋಕೋಲ್ ಕಪ್ಪಿನಲ್ಲಿ ಆಮ್ಲಕ್ಕೆ ಕ್ಷಾರ ಸುರಿಯುವುದು, ಬಿಸಿ ಎಷ್ಟು ಏರಿತು ಎಂದು ನೋಡುವುದು, ಅದರಿಂದ ಹೊರಬಂದ ಶಾಖವನ್ನು ಲೆಕ್ಕ ಹಾಕುವುದು. ನಾನು ಸುರಿದೆ, ಶರಲ್ ಥರ್ಮಾಮೀಟರ್ ನೋಡಿದಳು. ಇಪ್ಪತ್ತೆರಡು ಡಿಗ್ರಿ ಇದ್ದದ್ದು ಇಪ್ಪತ್ತೆಂಟು ಪಾಯಿಂಟ್ ಒಂದಕ್ಕೆ ಏರಿ ನಿಂತಿತು. ಲೆಕ್ಕ ಹಾಕಿದರೆ ಉತ್ತರ ಐವತ್ತೊಂದು. ಪುಸ್ತಕದಲ್ಲಿ ಐವತ್ತೇಳು! ನಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಉತ್ತರ ಮೊದಲು, ಪ್ರಯೋಗ ಆಮೇಲೆ. ಸೀನಿಯರ್‌ಗಳ ರೆಕಾರ್ಡ್ ನೋಡಿ ಉತ್ತರ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ರೀಡಿಂಗುಗಳನ್ನು ತಯಾರಿಸುತ್ತಿದ್ದೆವು. ಅಟೆಂಡರ್ ರಂಗಪ್ಪನವರು ಪರೀಕ್ಷೆಯ ದಿನ ಹಿಂದೆ ಬಂದು ನಿಂತು, "ಹದಿನಾಲ್ಕೂವರೆ ಬರಬೇಕು ನೋಡಮ್ಮ" ಎಂದು ಪಿಸುಗುಟ್ಟಿ ಹೋಗುತ್ತಿದ್ದರು. ಅಂಥ ಗುರುಗಳ ಶಿಷ್ಯೆ ಐವತ್ತೊಂದು ಬರೆದುಕೊಡುವುದುಂಟೆ? ನಾನು ಹಿಂದಕ್ಕೆ ಲೆಕ್ಕ ಹಾಕಿ, ನನ್ನ ಹಾಳೆಯಲ್ಲಿ ಇಪ್ಪತ್ತೆಂಟು ಪಾಯಿಂಟ್ ಎಂಟು ಎಂದು ಮುದ್ದಾಗಿ ಬರೆದೆ. ಕೊನೆಯ ಪ್ರಶ್ನೆ ಮಾತ್ರ ವಿಚಿತ್ರವಾಗಿತ್ತು: "ಕಾಣೆಯಾದ ಶಾಖ ಎಲ್ಲಿಗೆ ಹೋಯಿತು?" ನನ್ನದರಲ್ಲಿ ಕಾಣೆಯಾಗಲು ಏನು ಉಳಿದಿತ್ತು? "ಎಲ್ಲಿಗೂ ಹೋಗಿಲ್ಲ" ಎಂದು ಬರೆದು, ಸ್ಕೇಲ್ ಇಟ್ಟು ಅಡಿಗೆರೆ ಎಳೆದೆ. ಒಟ್ಟು ಹತ್ತು ಅಂಕದಲ್ಲಿ ಅರ್ಧದಷ್ಟು ಆ ಒಂದು ಪ್ರಶ್ನೆಗೇ ಎಂಬುದನ್ನು ನೋಡಿರಲಿಲ್ಲ.

ಮುಂದಿನ ವಾರ ಟ್ಯೂಟರ್ ಬೆನ್ ನಮ್ಮಿಬ್ಬರನ್ನೂ ಕರೆದ. ಸದಾ ಚಡ್ಡಿಯಲ್ಲೇ ಇರುವ, ನನ್ನ ಮಗನಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನಾದ ಸಾಧು ಹುಡುಗ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ಕಪ್ಪಿಗೆ ಎರಡು ಟೆಂಪರೇಚರ್ ಹೇಗೆ ಬಂತು ಎಂದು ಮೆಲ್ಲಗೆ ಕೇಳಿದ. ರೀಡಿಂಗ್ ತಿದ್ದುವುದು ಇಲ್ಲಿ ದೊಡ್ಡ ತಪ್ಪು, ಯಾರು ತಿದ್ದಿದ್ದೆಂದು ಗೊತ್ತಾಗದಿದ್ದರೆ ಇಬ್ಬರ ಹೆಸರನ್ನೂ ಮೇಲಕ್ಕೆ ಕಳಿಸಬೇಕಾಗುತ್ತದೆ ಎಂದೂ ಹೇಳಿದ.

ಶರಲ್ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡುತ್ತ, "ಮೇಬಿ ಐ ರೆಡ್ ಇಟ್ ರಾಂಗ್" ಅಂದಳು. ಹಿರಿಯರನ್ನು ಹೊರಗಿನವರೆದುರು ತಿದ್ದಬಾರದು ಎಂದು ಅವಳಿಗೆ ಮನೆಯಲ್ಲಿ ಕಲಿಸಿದ್ದಾರೆ. ನನ್ನ ಮಗನಿಗೂ ನಾನು ಕಲಿಸಿದ್ದು ಅದನ್ನೇ. ನನಗೆ ನಿಂತಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನನ್ನ ಪಾಯಿಂಟ್ ಏಳು ಡಿಗ್ರಿಗಾಗಿ ಈ ಮಗು ಗಂಟುಮೂಟೆ ಕಟ್ಟಿ ಬಾಕ್ಸ್ ಹಿಲ್‌ಗೆ ಹೋಗುವುದೇ? "ಇಲ್ಲ, ಅವಳು ಸರಿಯಾಗೇ ನೋಡಿದ್ಲು. ತಿದ್ದಿದ್ದು ನಾನು" ಅಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಅಂದಿದ್ದೆ. ಬೆನ್ ಪಿಳಿಪಿಳಿ ನೋಡಿದ್ದರಿಂದ ಮತ್ತೊಮ್ಮೆ ಇಂಗ್ಲಿಷಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಒಂದೇ ತಪ್ಪನ್ನು ಎರಡು ಭಾಷೆಯಲ್ಲಿ ಒಪ್ಪಿಕೊಳ್ಳುವುದು ಬಹಳ ಕಷ್ಟ.

ಯಾಕೆ ತಿದ್ದಿದಿರಿ ಎಂದು ಅವನು ಕೇಳಿದ. ಪುಸ್ತಕದಲ್ಲಿ ಐವತ್ತೇಳು ಇದೆಯಲ್ಲ ಎಂದೆ. "ಪುಸ್ತಕದ್ದು ನನಗೆ ಗೊತ್ತು. ನಿಮ್ಮ ಕಪ್ಪಿನಲ್ಲಿ ಏನಾಯಿತು ಅಂತ ಕೇಳಿದ್ದು" ಅಂದ. ಮೊದಲ ತಪ್ಪೆಂದು ಎರಡು ಅಂಕ ಕಳೆದು, ಒಬ್ಬಳೇ ಮತ್ತೆ ಪ್ರಯೋಗ ಮಾಡಲು ಹೇಳಿದ. ಶರಲ್‌ಳ ಹಾಳೆಗೆ ಪೂರ್ತಿ ಅಂಕ.

ಮತ್ತೆ ಮಾಡಿದೆ. ಈ ಸಲ ಇಪ್ಪತ್ತೇಳು ಪಾಯಿಂಟ್ ಒಂಬತ್ತು, ಮೊದಲಿಗಿಂತಲೂ ಕಡಿಮೆ! ಕೈ ತುರಿಸಿತು, ಆದರೂ ಬಂದದ್ದನ್ನೇ ಬರೆದೆ. ಕೊನೆಯ ಪ್ರಶ್ನೆಗೆ ಏನು ಬರೆಯಲಿ ಎಂದು ಯೋಚಿಸುತ್ತ ಕಪ್ಪನ್ನು ಕೈಯಲ್ಲಿ ಹಿಡಿದೆ. ಬೆಚ್ಚಗಿತ್ತು. ಕಪ್ಪಿನ ಗೋಡೆಗೆ, ಥರ್ಮಾಮೀಟರಿಗೆ, ಗಾಳಿಗೆ, ಈಗ ನನ್ನ ಅಂಗೈಗೆ, ಶಾಖ ಹೋದದ್ದು ಇಲ್ಲಿಗೇ. ಶಕ್ತಿ ನಾಶವಾಗುವುದಿಲ್ಲ ಎಂದು ಇಪ್ಪತ್ತೈದು ವರ್ಷದಿಂದ ಬಾಯಿಪಾಠ ಒಪ್ಪಿಸುತ್ತಿದ್ದವಳಿಗೆ ಅದು ಕೈಗೆ ಸಿಕ್ಕಿದ್ದು ಆವತ್ತೇ. ನಿಜವಾಗಿ ಖುಷಿಯಾಯಿತು.

ಹತ್ತಕ್ಕೆ ಏಳು ಬಂತು. ಆ ಶನಿವಾರ ಶರಲ್‌ಳನ್ನು ಮಧ್ಯಾಹ್ನದ ಊಟಕ್ಕೆ ಕರೆದೆ. ಅವಳ ತಟ್ಟೆಗೆ ಎರಡನೆಯ ದೋಸೆ ಹಾಕುತ್ತಿರುವಾಗ ನನ್ನ ಗಂಡ, "ಏನೇ, ಲ್ಯಾಬಲ್ಲಿ ಎಷ್ಟು ಬಂತು?" ಅಂದರು. "ಎಂಟು" ಅಂದೆ, ಬಾಯಿಗೆ ಬಂದ ಹಾಗೆ.

"ಏಳು, ಆಂಟಿ" ಅಂದಳು ಶರಲ್. ಅಚ್ಚ ಕನ್ನಡದಲ್ಲಿ, ನನ್ನ ಮುಖವನ್ನೇ ನೋಡುತ್ತ.

"ಹಾಗಾದ್ರೆ ಆ ಒಂದು ಎಲ್ಲಿಂದ ಬಂತು?" ಎಂದು ಗಂಡ ಕೇಳಿದರು. ನನ್ನ ಮುಖ ಬಿಸಿಯಾಯಿತು. ಎಷ್ಟು ಡಿಗ್ರಿ ಏರಿತೆಂದು ಯಾರೂ ಅಳೆಯಲಿಲ್ಲ. ಅಳೆಯಲು ನನಗೇ ಕೊಟ್ಟಿದ್ದರೆ ಎರಡು ಕಳೆದೇ ಬರೆಯುತ್ತಿದ್ದೆ.