ನಡುವಿನ ಡಬ್ಬಿ

ಸಂಡೂರಿನ ಓಬಳೇಶನಿಗೆ ಲೋಕದ ಮೇಲೆ ಇದ್ದ ದೂರು ಒಂದೇ. ಮನುಷ್ಯರ ಮಾತು ಅವನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕಿವಿಯಲ್ಲೇನೂ ದೋಷವಿರಲಿಲ್ಲ, ಕಂಪನಿಯ ಡಾಕ್ಟರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ 'ಫಸ್ಟ್ ಕ್ಲಾಸ್' ಎಂದು ಬರೆದುಕೊಡುತ್ತಿದ್ದರು. ದೋಷವಿದ್ದದ್ದು ಅವನ ಹೋಮ್ ಥಿಯೇಟರಿನಲ್ಲಿ.

ಅದು ಬಳ್ಳಾರಿಗೆ ವರ್ಗವಾಗಿ ಹೋದ ಒಬ್ಬ ಫೋರ್‌ಮನ್ ಬಿಟ್ಟುಕೊಟ್ಟು ಹೋದ ಸೆಟ್ಟು. ಹಾಲಿನ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್, ಸೋಫಾದ ಪಕ್ಕದಲ್ಲಿ ಗುಡುಗುವುದಕ್ಕೆಂದೇ ಒಂದು ದಪ್ಪ ಪೆಟ್ಟಿಗೆ. ಟಿವಿಯ ಕೆಳಗೆ ನಟ್ಟನಡುವೆ ಕೂರಬೇಕಾದ ಸೆಂಟರ್ ಸ್ಪೀಕರ್ ಮಾತ್ರ ಇರಲಿಲ್ಲ. ಸಿನಿಮಾ ಹಾಕಿದರೆ ಕುದುರೆಗಳು ಬೆನ್ನ ಹಿಂದಿನಿಂದ ಓಡಿ ಬರುತ್ತಿದ್ದವು, ಬಾಂಬು ಬಿದ್ದರೆ ಅಡುಗೆಮನೆಯ ತಟ್ಟೆಗಳು ನಡುಗುತ್ತಿದ್ದವು. ಸಾಯುವ ತಂದೆ ಮಗನ ಕೈ ಹಿಡಿದು ಕೊನೆಯ ಮಾತು ಹೇಳುವಾಗ ಮಾತ್ರ ಬರೀ ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ.

“ಇದೆಂಥಾ ಸಿನಿಮಾನ್ರಿ?” ಎನ್ನುತ್ತಿದ್ದಳು ಹೆಂಡತಿ ಪಂಪಾವತಿ. “ಬಾಗ್ಲ ಸದ್ದು ಕೇಳ್ತೈತಿ, ಸಾಯೋನ ಮಾತು ಕೇಳವಲ್ದು. ಈ ಹಾಲ್‌ನಾಗ ನಾಲ್ಕು ಹೊಲಿಗಿ ಮಷಿನ್ ಹಾಕಿದ್ರ ನಾಲ್ಕು ಮಂದಿ ಕೆಲಸ ಕಲೀತಿದ್ರು.”

“ಸೆಂಟರ್ ಬರ್ಲಿ ತಡಿ, ಆಮ್ಯಾಲ ನೋಡುವಂತಿ,” ಎನ್ನುತ್ತಿದ್ದ ಓಬಳೇಶ. ಹೊಲಿಗೆ ಮಷಿನ್ನಿನ ಮಾತು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ, ದೇವರಿಗೇ ಗೊತ್ತು.

ಅವನ ಆಸೆಯನ್ನು ಹಾಸ್ಯ ಮಾಡುವ ಹಾಗಿರಲಿಲ್ಲ. ಅವನು ಯಶವಂತನಗರದ ಕಡೆಯ ಗಣಿಯಲ್ಲಿ ಡಂಪರ್ ಡ್ರೈವರ್. ಬೆಳಗಿನ ಆರಕ್ಕೆ ಗಾಡಿ ಹತ್ತಿದರೆ ಮಧ್ಯಾಹ್ನದ ಎರಡರವರೆಗೂ ಎಂಜಿನ್ನಿನ ಗುರ್ರೆನ್ನುವ ಸದ್ದು, ಅದಿರು ಸುರಿಯುವ ಸದ್ದು, ಹಿಂದಕ್ಕೆ ಬರುವಾಗಿನ ಪೀಂ ಪೀಂ. ಎಂಟು ಗಂಟೆ ಇಷ್ಟನ್ನೇ ಕೇಳಿದ ಪ್ರಾಣಿಗೆ, ಮನೆಗೆ ಬಂದ ಮೇಲೆ ಒಂದಿಷ್ಟು ಮನುಷ್ಯರ ಮಾತು ಸ್ಪಷ್ಟವಾಗಿ ಕೇಳಬೇಕೆನ್ನಿಸುವುದು ತಪ್ಪೇ? ತಪ್ಪಲ್ಲ.

(ಮನೆಯಲ್ಲಿ ಮಾತಾಡುವ ಹೆಂಡತಿ ಇದ್ದಳಲ್ಲ ಎಂದು ನೀವು ಕೇಳಬಹುದು. ಓಬಳೇಶನಿಗೆ ಯಾರೂ ಹಾಗೆ ಕೇಳಿರಲಿಲ್ಲ.)

ಗಣಿಯೊಳಗೆ ಫೋನ್ ಒಯ್ಯುವಂತಿರಲಿಲ್ಲ. ಗೇಟಿನಲ್ಲಿ ಕೊಟ್ಟು ಹೋಗಬೇಕು, ಬರುವಾಗ ಇಸಕೊಳ್ಳಬೇಕು. ಹೀಗಾಗಿ ಪಂಪಾವತಿ ದಿನಾ ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಟೈಪು ಮಾಡುವುದು ಅವಳಿಗೆ ಸೇರುತ್ತಿರಲಿಲ್ಲ. ಬುಕ್ಕಸಾಗರದವಳು, ಭತ್ತದ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದ ಗಂಟಲು. ದಿನಕ್ಕೊಂದು, ಒಂದೊಂದೂ ನಾಲ್ಕು ನಿಮಿಷದ್ದು. ಕಂಪನಿ ಬಸ್ಸಿನಲ್ಲಿ ಕುಳಿತು ಓಬಳೇಶ ಫೋನನ್ನು ಕಿವಿಗೆ ಹಿಡಿಯುವನು. “ರೀ, ಊಟ ಆತೇನ್ರಿ? ಇವತ್ತು ನೀರು ಬಂದಿಲ್ಲ, ಹಾಲಿನವನೂ ಬಂದಿಲ್ಲ…” ಇಷ್ಟು ಕೇಳುವಷ್ಟರಲ್ಲಿ ಬಸ್ಸಿನ ಗದ್ದಲ ಮೇಲಾಗುವುದು. ಅವನು ‘ಆಗಲಿ’ ಎನ್ನುವ ಒಂದು ಹೆಬ್ಬೆರಳಿನ ಗುರುತು ಕಳಿಸಿ ಫೋನನ್ನು ಜೇಬಿಗಿಡುವನು. ಎರಡು ವರ್ಷದಿಂದ ಅವರ ಸಂಸಾರ ಹೀಗೆ ಸುಸೂತ್ರವಾಗಿ ನಡೆದಿತ್ತು.

ಬಸ್ಸಿನಲ್ಲಿ ಪಕ್ಕದ ಸೀಟಿನ ಪರಶುರಾಮನೇ ಅವನ ಸಲಹೆಗಾರ. “ಸೆಂಟರ್ ಇಲ್ಲದ್ದು ಸೆಟ್ಟ ಅಲ್ಲಲೇ,” ಎಂದ ಅವನು ಒಂದು ಶನಿವಾರ. “ಹೊಸಪ್ಯಾಟ್ಯಾಗ ಮಾಲತೇಶನ ಅಂಗಡಿ ಐತಿ, ಹೋಗಿ ಕೇಳಿ ತಗೋ. ಇಲ್ಲಾಂದ್ರ ಆ ನಾಲ್ಕು ಡಬ್ಬಿ ನನಗ ಕೊಟ್ಟು ಸುಮ್ನಾಗು.” ಕೊಡುವ ಮಾತು ಓಬಳೇಶನಿಗೆ ಹಿಡಿಸಲಿಲ್ಲ. ಭಾನುವಾರ ಬೆಳಿಗ್ಗೆಯೇ ಅವನು ಹೊಸಪೇಟೆಯ ಬಸ್ಸು ಹತ್ತಿದ. ಎಲ್ಲಿಗೆಂದು ಮನೆಯಲ್ಲಿ ಹೇಳಲಿಲ್ಲ. ಪಂಪಾವತಿಯೂ ಆಶ್ಚರ್ಯವೆಂಬಂತೆ ಕೇಳಲಿಲ್ಲ. “ಐದು ಗಂಟಿಗೆ ಬಂದುಬಿಡ್ರಿ, ಮರೀಬ್ಯಾಡ್ರಿ,” ಎಂದಳಷ್ಟೆ.

ಮಾಲತೇಶ ನಗುವ ಮನುಷ್ಯನಲ್ಲ. ರೋಗಿಯ ಕಥೆ ಕೇಳುವ ವೈದ್ಯನಂತೆ ಕಣ್ಣು ಮುಚ್ಚಿ ಎಲ್ಲ ಕೇಳಿದ.

“ನೋಡ್ರಿ, ಸೆಂಟರ್ ಅಂದ್ರ ಮಾತು,” ಎಂದ. “ಉಳಿದ ಡಬ್ಬಿ ಎಲ್ಲಾ ಗಾಳಿ, ಮಳಿ, ಗುದ್ದಾಟಕ್ಕ. ಮನುಷ್ಯಾರು ಆಡೋದೆಲ್ಲ ಈ ನಡುವಿನದ್ರಾಗ. ಸಿನಿಮಾ ಹಾಕಿ ಆರಿಸಬ್ಯಾಡ್ರಿ, ಮೋಸ ಆಗ್ತೈತಿ. ನಿಮಗ ಭಾಳ ಪರಿಚಯ ಇರೋ ಒಂದು ದನಿ ಹಾಕ್ರಿ. ಅವರು ಎದುರಿಗೆ ಕುಂತಂಗ ಅನ್ನಿಸಿದ್ರ ಅದ ನಿಮ್ಮ ಸ್ಪೀಕರ್.”

ಪರಿಚಯದ ದನಿ! ಹನ್ನೆರಡು ವರ್ಷದ ಸಂಸಾರ. ಓಬಳೇಶ ಹೆಮ್ಮೆಯಿಂದ ಫೋನ್ ತೆಗೆದ. ನಿನ್ನೆ ಬಂದ ಪಂಪಾವತಿಯ ಮಾತು ಮೇಲೇ ಇತ್ತು. ಮಾಲತೇಶ ವೈರು ಸಿಕ್ಕಿಸಿದ.

ಮೊದಲ ಸ್ಪೀಕರಿನಲ್ಲಿ ಪಂಪಾವತಿ ಕೊಡದೊಳಗೆ ಕುಳಿತು ಊಟ ಆತೇನ್ರಿ ಎಂದಳು. ಎರಡನೆಯದರಲ್ಲಿ ಅವಳಿಗೆ ನೆಗಡಿಯಾಗಿತ್ತು. ಮೂರನೆಯದು ಉದ್ದನೆಯ ಕಪ್ಪು ಡಬ್ಬಿ. ಎರಡು ಕಡೆ ಎರಡು ಬಟ್ಟಲು, ನಡುವೆ ಸಣ್ಣದೊಂದು ಗುಂಡಿ. “ರೀ,” ಎಂದಿತು. ಓಬಳೇಶ ಗಡಬಡಿಸಿ ಎದ್ದು ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

“ಇದಾ! ಇದ ಕೊಡ್ರಿ,” ಎಂದು ಎಂದಿನಂತೆ ಮಾತು ನಿಲ್ಲಿಸಲು ಕೈ ಚಾಚಿದ.

ಮಾಲತೇಶ ಅವನ ಕೈ ತಡೆದ. “ಏಳು ಸೆಕೆಂಡಿನಾಗ ಏನು ಗೊತ್ತಾಗ್ತೈತ್ರಿ? ದನಿ ಏರಬೇಕು, ಇಳೀಬೇಕು. ಕೊನೀತನ ಕೇಳ್ರಿ. ಕುಂದ್ರಿ.”

ಓಬಳೇಶ ಕುಳಿತ. ನೀರಿನ ವಿಷಯ ಮುಗಿಯಿತು. ಹಾಲಿನವನ ವಿಷಯ ಮುಗಿಯಿತು. ಪಕ್ಕದ ಮನೆಯವರ ಕೋಳಿ ಮೂರು ಸಲ ಒಳಗೆ ಬಂದು ಹೋಯಿತು. ಟೇಬಲ್ ಫ್ಯಾನ್ ಕೊಳ್ಳಲು ಬಂದಿದ್ದ ಒಬ್ಬ ಮುದುಕಿಯೂ ಕೌಂಟರಿಗೆ ಒರಗಿ ಕೇಳತೊಡಗಿದಳು.

“…ಮತ್ತ ನಮ್ಮ ಹಾಲ್ ಮಾತು,” ಎಂದಳು ಪಂಪಾವತಿ, ಅಂಗಡಿಯ ನಟ್ಟನಡುವೆ ಕುಳಿತವಳಂತೆ. “ನಾಳೆ ಐತವಾರ ಮಹಿಳಾ ಸಂಘದವರು ಆರು ಹೊಲಿಗಿ ಮಷಿನ್ ತಂದು ಇಳಸ್ತಾರ. ನಿಮ್ಮ ಡಬ್ಬಿ ಎಲ್ಲಾ ಒರಿಸಿ ಅಟ್ಟಕ್ಕ ಇಡಸ್ತೀನಿ, ಚಿಂತಿ ಬ್ಯಾಡ. ಮೂರು ಸಲ ಕೇಳ್ದೆ, ಮೂರು ಸಲಾನೂ ಹೆಬ್ಬೆರಳು ಕಳಿಸಿದ್ರಿ. ನನಗ ಎಷ್ಟು ಸಂತೋಷ ಆತು ಗೊತ್ತೇನ್ರಿ? ನೀವು ನನ್ನ ಮಾತ ಕೇಳಂಗಿಲ್ಲ ಅಂತ ಇಷ್ಟು ದಿನ ತಿಳಿದಿದ್ದೆ. ನಮ್ಮವ್ವಗೂ ಹೇಳ್ದೆ, ನಿನ್ನ ಅಳಿಯ ಒಂದು ಮಾತು ಎದುರಾಡ್ಲಿಲ್ಲ, ತನ್ನ ಪ್ರಾಣದಂಥ ಹಾಲ್ ಬಿಟ್ಟುಕೊಟ್ಟ ಅಂತ.” ಇಲ್ಲಿ ದನಿ ಕೊಂಚ ನಡುಗಿತು. ಆ ನಡುಕವನ್ನೂ ಡಬ್ಬಿ ಬಿಡಲಿಲ್ಲ.

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೂರು ವರ್ಷ ಬಾಳಪ್ಪಾ,” ಎಂದಳು. “ಇಂಥಾ ಗಂಡನ್ನ ನಾ ಈ ಕಣ್ಣಿಲೆ ನೋಡಿದ್ದಿಲ್ಲ.”

ಓಬಳೇಶನ ಹಾಲ್ ಹೋಯಿತು, ಹೋಮ್ ಥಿಯೇಟರ್ ಅಟ್ಟ ಸೇರಿತು. ನಾನು ಒಪ್ಪಿಲ್ಲ ಎಂದು ಹೋಗಿ ಕೂಗಾಡಬಹುದಿತ್ತು. ಆದರೆ ಹಾಗೆ ಕೂಗಾಡಬೇಕಾದರೆ, ನಿನ್ನ ಮಾತನ್ನು ನಾನು ಕೇಳಿಯೇ ಇರಲಿಲ್ಲ ಎಂದು ಮೊದಲು ಹೇಳಬೇಕಿತ್ತು. ಆ ನಡುಗಿದ ದನಿಗೆ ಅದನ್ನು ಹೇಳುವುದು ಹೇಗೆ? ಸ್ಪೀಕರ್ ಬೇಡವೆಂದು ಎದ್ದು ಬರೋಣವೆಂದರೆ ಮಾಲತೇಶ ಆಗಲೇ ಅದನ್ನು ರಟ್ಟಿನ ಡಬ್ಬಿಗೆ ತುಂಬಿ ದಾರ ಸುತ್ತುತ್ತಿದ್ದ. “ಅಕ್ಕಾರ ದನಿಗೆ ಇದ ಸರಿ,” ಎಂದು ಒಂದು ಮೈಕನ್ನೂ ಪ್ರೀತಿಯಿಂದ ಜತೆಗೆ ಹಾಕಿದ.

ಸಂಡೂರಿನ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಓಬಳೇಶ ಹಳೆಯ ಮಾತುಗಳಲ್ಲಿ ಕೈಗೆ ಸಿಕ್ಕವನ್ನು ಒಂದೊಂದಾಗಿ ಕೊನೆಯವರೆಗೂ ಕೇಳಿದ. ತಾನು ಇನ್ನೇನೇನಕ್ಕೆ ಒಪ್ಪಿದ್ದೇನೆಂದು ತಿಳಿಯಬೇಕಿತ್ತು. ಗುಟ್ಕಾ ಬಿಟ್ಟಿದ್ದ. ಅತ್ತೆ ಉಚ್ಚೆಂಗಮ್ಮ ಬೇಸಿಗೆ ಮುಗಿಯುವತನಕ ತಮ್ಮ ಮನೆಯಲ್ಲೇ ಇರಲಿ ಎಂದಿದ್ದ. ಹೊಲಿಗೆ ಕ್ಲಾಸಿನ ಉದ್ಘಾಟನೆಯಲ್ಲಿ, ಭಾನುವಾರ ಐದು ಗಂಟೆಗೆ, ಎರಡು ಮಾತಾಡಲು ಹೂಂ ಎಂದಿದ್ದ. ಮೀಸೆಯ ವಿಷಯ ಬೇಡ.

ನಡುವೆ ಒಂದು ಬಂತು, ಹೋದ ಮಳೆಗಾಲದ್ದು. “ರೀ, ಊಟ ಆತೇನ್ರಿ? ಇಲ್ಲೆಲ್ಲಾ ಮೋಡ ಹಾಕೈತಿ…” ಆಮೇಲೆ ಬಹಳ ಹೊತ್ತಿನ ಮೇಲೆ, ಸಣ್ಣ ದನಿಯಲ್ಲಿ, “ಮೈ ಸುಡಾಕತ್ತೈತ್ರಿ. ಬರೋವಾಗ ಗುಳಿಗಿ ತರ್ತೀರೇನು?” ಅದರ ಕೆಳಗೆ ಅವನ ಹೆಬ್ಬೆರಳು. ಅಂದು ಅವನು ಬರಿಗೈಯಲ್ಲಿ ಮನೆಗೆ ಹೋಗಿ, ಸಿನಿಮಾ ಹಾಕಿ, ಕುದುರೆಗಳ ಸದ್ದು ಕೇಳಿದ್ದ. ಓಬಳೇಶನಿಗೆ ನಾಚಿಕೆಯಾಯಿತು. ಅದೊಂದನ್ನು ಅವನು ಮೊದಲಿನಿಂದ ಇನ್ನೊಮ್ಮೆ ಕೇಳಿದ.

ಮನೆ ಮುಟ್ಟಿದಾಗ ಹಾಲಿನಲ್ಲಿ ಆರು ಮಷಿನ್, ಆರು ಹೆಂಗಸರು. ಟಿವಿಯ ಮೇಲೆ ಬ್ಲೌಸಿನ ಅಳತೆ ಕಾಗದ ಅಂಟಿಸಿತ್ತು. ಸೋಫಾದಲ್ಲಿ, ಅವನು ದಿನಾ ಕೂರುವ ಜಾಗದಲ್ಲಿ, ಉಚ್ಚೆಂಗಮ್ಮ ಕಾಲು ಮಡಚಿ ಕೂತಿದ್ದಳು.

“ಅದೇನ್ರಿ ಕೈಯಾಗ?” ಎಂದಳು ಪಂಪಾವತಿ.

“ನಿನಗ ತಂದೆ,” ಎಂದ ಓಬಳೇಶ. ಅವನೇ ಬೆಚ್ಚಿದ, ಆ ಮಾತು ಬಾಯಿಗೆ ಎಲ್ಲಿಂದ ಬಂತೋ! “ಆರು ಮಷಿನ್ ಒಮ್ಮೆ ತುಳಿದ್ರ ಹಿಂದ ಕುಂತೋರಿಗೆ ನೀ ಹೇಳೋದು ಕೇಳಬೇಕಲ್ಲ? ಮೈಕೂ ಐತಿ.”

ಪಂಪಾವತಿ ಡಬ್ಬಿಯ ದಾರ ಬಿಚ್ಚುತ್ತಾ ಅವನ ಮುಖ ನೋಡಿದಳು. “ನಾ ಕಳಿಸಿದ್ದು ಕೇಳಿದ್ರೇನು?”

“ಪೂರ್ತಿ ಕೇಳೀನಿ,” ಎಂದ. ಅದಂತೂ ಸುಳ್ಳಲ್ಲ.

ಅಟ್ಟದಿಂದ ಆಂಪ್ಲಿಫೈಯರ್ ಒಂದನ್ನೇ ಇಳಿಸಿ, ಟಿವಿಯ ಕೆಳಗೆ ನಟ್ಟನಡುವೆ ಸೆಂಟರ್ ಸ್ಪೀಕರ್ ಇಟ್ಟು ವೈರು ಜೋಡಿಸಿದ. ಉದ್ಘಾಟಕರಾಗಿ ಎರಡು ಮಾತಾಡಲು ಮೈಕು ಹಿಡಿದು, “ಎಲ್ಲರಿಗೂ ನಮಸ್ಕಾರ,” ಎಂದ. ಎರಡೇ ಮಾತು, ಅಷ್ಟಕ್ಕೇ ಮುಗಿಯಿತು. ಆಮೇಲೆ ಅವಳು ಮಾತಾಡಿದಳು. ಅಡುಗೆಮನೆಯಲ್ಲಿ ಎಂಟು ಜನರಿಗೆ ಚಹಾ ಸೋಸುತ್ತಿದ್ದ ಓಬಳೇಶನಿಗೆ ಒಂದೊಂದು ಅಕ್ಷರವೂ ಕೇಳಿಸಿತು. ಸ್ಪೀಕರ್ ನಿಜಕ್ಕೂ ಬಲು ಒಳ್ಳೆಯದಿತ್ತು.

ಹದಿನೈದು ದಿನ ಅವನು ಬಸ್ಸಿನಲ್ಲಿ ಒಂದು ಕಿವಿ ಬೆರಳಿನಿಂದ ಮುಚ್ಚಿಕೊಂಡು ಹೆಂಡತಿಯ ಮಾತನ್ನು ಕೊನೆಯವರೆಗೂ ಕೇಳಿದ. ಹದಿನಾರನೆಯ ದಿನ ಶಿಫ್ಟು ಜಾಸ್ತಿಯಾಗಿ ಮೈ ಹಣ್ಣಾಗಿತ್ತು. “ರೀ, ಊಟ ಆತೇನ್ರಿ? ಇವತ್ತು ಕರೆಂಟ್ ಎರಡು ಸಲ ಹೋತು…” ಎಂದು ಕೇಳುವಷ್ಟರಲ್ಲಿ ಹಳೆಯ ಚಾಳಿ ಬಿಡದ ಬೆರಳು ತನ್ನಷ್ಟಕ್ಕೆ ತಾನೇ ಹೆಬ್ಬೆರಳಿನ ಗುರುತು ಒತ್ತಿಬಿಟ್ಟಿತು. ಅಯ್ಯೋ ಎಂದು ಎಚ್ಚೆತ್ತು ಓಬಳೇಶ ಮತ್ತೆ ಫೋನನ್ನು ಕಿವಿಗಿಟ್ಟ.

“…ಒಂದು ಮಾತು ಹೇಳ್ಲೇನ್ರಿ? ನಾಲ್ಕು ನಿಮಿಷದ ಮಾತಿಗೆ ಹತ್ತು ಸೆಕೆಂಡಿನಾಗ ಹೆಬ್ಬೆರಳು ಬಂದ್ರ ನನಗ ತಿಳಿಯಂಗಿಲ್ಲೇನು? ಎರಡು ವರ್ಷದಿಂದ ಗೊತ್ತೈತಿ. ಅದಕ್ಕ ನಿಮ್ಮ ಒಪ್ಪಿಗಿ ಬೇಕಾದ ಮಾತೆಲ್ಲಾ ಕೊನೀಗಿಡ್ತಿದ್ದೆ. ಆದ್ರ ಆ ನಡುವಿನ ಡಬ್ಬಿ ತರ್ತೀರಿ ಅಂತ ನಾ ಕನಸಿನ್ಯಾಗೂ ಅಂದ್ಕೊಂಡಿದ್ದಿಲ್ಲ. ಅವತ್ತಿಂದ ಪೂರ್ತಿ ಕೇಳಾಕತ್ತೀರಿ, ಅದೂ ಗೊತ್ತು. ಅದಕ್ಕ ಒಳಗಿನ ಕೋಣಿ ಖಾಲಿ ಮಾಡೀನಿ, ನಿಮ್ಮ ನಾಲ್ಕು ಡಬ್ಬಿ ಅಲ್ಲಿ ಹಾಕ್ಕೋರಿ. ಪರಶುರಾಮಣ್ಣಾರು ಕೊಡ್ರಿ ಅಂತ ಫೋನ್ ಮ್ಯಾಲ ಫೋನ್ ಮಾಡಾಕತ್ತ್ಯಾರ. ನಿಮಗ ಬೇಕಂದ್ರ ಬಾಯಿಬಿಟ್ಟು ಹೇಳ್ರಿ. ಹೆಬ್ಬೆರಳು ಬಂತೋ, ಅವರಿಗೆ ಒಯ್ಯಿರಿ ಅಂದುಬಿಡ್ತೀನಿ.”

ಪಕ್ಕದ ಸೀಟಿನಲ್ಲಿ ಪರಶುರಾಮನ ಫೋನು ಟಿಣ್ ಎಂದಿತು. ಅವನು ಅದನ್ನು ಕಿವಿಗಿಟ್ಟು ಕೇಳಿದ, ಮುಖ ಅರಳಿತು.

“ಭಾರಿ ದೊಡ್ಡ ಮನಸಪಾ ನಿಂದು!” ಎಂದು ಓಬಳೇಶನ ಬೆನ್ನು ತಟ್ಟಿದ. “ನಿನ್ನ ಹೆಂಡ್ತಿ ಹೂಂ ಅಂದ್ಲು. ಇಳಿದ ಕೂಡ್ಲೆ ಆಟೋ ತರ್ತೀನಿ.”

ಓಬಳೇಶ ಗಡಬಡಿಸಿ ಫೋನನ್ನು ಬಾಯಿಯ ಹತ್ತಿರ ಹಿಡಿದ. “ಏ ಪಂಪಾ, ಊಟ ಆತೇನು? ಕೇಳಿಲ್ಲಿ…” ಎಂದು ಶುರು ಮಾಡಿದ. ಬೆರಳು ಜಾರಿದ್ದು ಹೇಳಿದ. ಗುಳಿಗೆ ತರದೇ ಹೋದದ್ದು ಹೇಳಿ ಅದಕ್ಕೆ ಕ್ಷಮೆ ಕೇಳಿದ. ಹಾಲ್ ಹೋದದ್ದಕ್ಕೆ ಬೇಸರವಿಲ್ಲ ಎಂದ. ನಾಲ್ಕು ಡಬ್ಬಿ ಮಾತ್ರ ಕೊಡಬೇಡ ಮಾರಾಯ್ತಿ ಎಂದು ಕೊನೆಗೆ ಬೇಡಿಕೊಂಡ. ಬಸ್ಸಿನವರೆಲ್ಲ ತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಮದುವೆಯಾದಾಗಿನಿಂದ ಅವನು ಅಷ್ಟು ಮಾತಾಡಿದ್ದೇ ಇಲ್ಲ. ನಾಲ್ಕು ನಿಮಿಷದ ಮೇಲೆ ಹನ್ನೊಂದು ಸೆಕೆಂಡು. ಒತ್ತಿ ಕಳಿಸಿ ಕಾದ.

ಏಳು ಸೆಕೆಂಡಿಗೆ ಉತ್ತರ ಬಂತು. ಒಂದು ಹೆಬ್ಬೆರಳು.