ಇನ್ನೂರ ಹನ್ನೆರಡು ಮುಖ, ಒಂದೂವರೆ ನಿಮಿಷ

ಅಂದಿನ ತಾಪತ್ರಯಕ್ಕೆಲ್ಲ ಮೂಲ, ಕರಡು ತಿದ್ದುವ ಅಕ್ಕನ ಒಳ್ಳೆಯತನ.

ಆ ಅಚ್ಚುಕೂಟದಲ್ಲಿ ಪುಟ ಜೋಡಿಸುವವನನ್ನು ಎಲ್ಲರೂ ಪುಟದಣ್ಣ ಎಂದೇ ಕರೆಯುತ್ತಿದ್ದರು. ಸಂಜೆ ವಾಕಿಂಗ್ ಹೋಗುವ ಹಿರಿಯರ ಸಂಘವೊಂದು ಸದಸ್ಯರ ಪರಿಚಯ ಪುಸ್ತಕ ಮಾಡಿಸುತ್ತಿತ್ತು. ಇನ್ನೂರ ಹನ್ನೆರಡು ಹೆಸರು, ಪ್ರತಿ ಹೆಸರಿನ ಮೇಲೊಂದು ಚೌಕ, ಚೌಕಕ್ಕೊಂದು ಫೋಟೋ. ಒಂದೊಂದನ್ನೇ ಎಳೆದು ತಂದು, ಯಾರ ತಲೆಯೂ ಕತ್ತರಿಸಿ ಹೋಗದಂತೆ ಕೂರಿಸಲು ಎರಡು ದಿನ ಬೇಕು. ಪುಸ್ತಕವೋ ಇಂದೇ ಅಚ್ಚಿಗೆ ಹೋಗಬೇಕು. ಪುಟದಣ್ಣನೋ ನಾಲ್ಕಕ್ಕೆ ಹೊರಡಲೇಬೇಕು.

ಏಕೆಂದರೆ ಐದಕ್ಕೆ ಆಸ್ಪತ್ರೆಯಲ್ಲಿ ಅವನ ತಾಯಿಯ ಕಣ್ಣಿನ ಕಟ್ಟು ಬಿಚ್ಚುವವರಿದ್ದರು. ನಾಲ್ಕು ವರ್ಷ ಕಣ್ಣಿನ ಪೊರೆಯ ಮಂಜಿನಲ್ಲೇ ಕಳೆದಿದ್ದ ಆಕೆ ಹಟ ಹಿಡಿದಿದ್ದರು: "ಕಣ್ಣು ಬಿಟ್ಟ ಕೂಡ್ಲೇ ಮೊದ್ಲು ನಿನ್ನ ಮುಖಾನೇ ಕಾಣ್ಬೇಕು ಕಣೋ. ತಡ ಮಾಡಿದ್ರೆ ನಾನು ಕಣ್ಣೇ ಬಿಡಲ್ಲ, ನೋಡ್ಕೋ."

ಅದಕ್ಕಾಗಿಯೇ ಪುಟದಣ್ಣ ತನ್ನ ಕಂಪ್ಯೂಟರಿಗೆ ಹೊಸ ಉಪಕರಣವೊಂದನ್ನು ಸೇರಿಸಿದ್ದ. ಫೋಟೋಗಳ ಫೋಲ್ಡರ್ ತೋರಿಸಿ ಗುಂಡಿ ಒತ್ತಿದರೆ ಸಾಕು. ಗಂಟೆ ಹೊಡೆದಾಗ ಮಕ್ಕಳು ಬೆಂಚಿಗೆ ಓಡಿ ಕೂತಂತೆ ಫೋಟೋಗಳು ಸಾಲಾಗಿ ಚೌಕಗಳಲ್ಲಿ ಕೂತುಬಿಡುತ್ತಿದ್ದವು. ಯಾವ ಮುಖ ಯಾರದೆಂದು ಅದಕ್ಕೆ ಗೊತ್ತಿಲ್ಲ, ಸಾಲೊಂದೇ ಗೊತ್ತು.

"ಒಂದೂವರೆ ನಿಮಿಷ!" ಎಂದು ಊಟದ ಹೊತ್ತಿನಲ್ಲಿ ಪುಟದಣ್ಣ ಬೀಗಿದ.

ಎರಡೂವರೆಗೆ ಸಂಘದ ಕಾರ್ಯದರ್ಶಿ ಪುಟ ನೋಡಲು ಬಂದರು. ನೋಡಿದವರು ಕನ್ನಡಕ ಒರೆಸಿಕೊಂಡರು.

"ಏನ್ರೀ ಇದು? ಖಜಾಂಚಿಗೆ ಜಡೆ ಬಂದಿದೆ! ಅಧ್ಯಕ್ಷರ ಹೆಸರಿನ ಮೇಲೆ ನಮ್ಮ ಮನೆಯೋಳು ನಗ್ತಾ ಕೂತಿದ್ದಾಳೆ!"

ಪುಟದಣ್ಣ ಪುಟ ತಿರುವಿ ನೋಡಿದ. ಹದಿನೇಳನೆಯ ಹೆಸರಿನಿಂದ ಆಚೆಗೆ ಎಲ್ಲರಿಗೂ ಪಕ್ಕದವರ ಮುಖ. ಕೊನೆಯ ಚೌಕ ಖಾಲಿ.

ಕರಡು ತಿದ್ದುವ ಅಕ್ಕ ಸೆರಗಿನ ತುದಿ ಹಿಡಿದು ನಿಂತರು. "ಒಂದೇ ಫೋಟೋ ಎರಡು ಸಲ ಇತ್ತಪ್ಪಾ. ಪಾಪ, ನಿಂಗೆ ಇವತ್ತು ಅವಸರ ಅಂತ, ನೀನು ಗುಂಡಿ ಒತ್ತೋ ಮುಂಚೇನೇ ಒಂದನ್ನ ನಾನೇ ಅಳಿಸಿಹಾಕ್ದೆ."

"ಅಯ್ಯೋ ತಾಯಿ, ಅವರು ಅವಳಿ ಅಣ್ಣತಮ್ಮಂದಿರು!" ಎಂದು ಕಾರ್ಯದರ್ಶಿ ಹಣೆ ಚಚ್ಚಿಕೊಂಡರು.

ಅಳಿಸಿದ್ದು ಸಿಗಲಿಲ್ಲ. ಕಾರ್ಯದರ್ಶಿಯ ಫೋನಿನಿಂದ ಆ ಫೋಟೋ ಮತ್ತೆ ತರಿಸಿ ಗುಂಡಿ ಒತ್ತಿದ್ದಾಯಿತು. ಹೊಸದಾಗಿ ಬಂದದ್ದೆಂದು ಉಪಕರಣ ಅದನ್ನು ಸಾಲಿನ ಕೊನೆಗೆ ನಿಲ್ಲಿಸಿತು. ಖಜಾಂಚಿಯ ಜಡೆ ಹಾಗೇ ಉಳಿಯಿತು. ಖಾಲಿ ಚೌಕದಲ್ಲಿ ಮಾತ್ರ ಅವಳಿ ತಮ್ಮ ಮೀಸೆ ತಿರುವುತ್ತ ಪ್ರತ್ಯಕ್ಷನಾದ.

"ಮಿಷನ್ನಿಗೆ ಮುಖ ಗೊತ್ತಾಗಲ್ಲ ಅಂತ ನಾನಾಗ್ಲೇ ಹೇಳಿದ್ದೆ," ಎಂದ ಬೈಂಡಿಂಗ್ ತಾತ. ಅವನು ಹಾಗೆ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಮೂರೂಕಾಲು. ಪುಟದಣ್ಣ ಹೆಸರುಗಳ ಸಾಲಿನಂತೆ ಫೋಟೋಗಳಿಗೆಲ್ಲ ಒಂದು, ಎರಡು, ಮೂರು ಎಂದು ನಂಬರು ಕೊಟ್ಟು ಮತ್ತೆ ಒತ್ತಿದ. ಈಗ ಸರಿಯಾಯಿತೇ? ಕಾರ್ಯದರ್ಶಿ ಒಂದೊಂದೇ ಮುಖ ದಿಟ್ಟಿಸಿದರು.

"ಹೇಗಪ್ಪಾ ಹೇಳೋದು? ಒಬ್ಬೊಬ್ರೂ ಮದುವೆಗೆ ಮುಂಚಿನ ಫೋಟೋ ಕೊಟ್ಟಿದಾರೆ. ಈ ಗುಂಗುರು ಕೂದಲಿನವ ಯಾರು ಅಂತಾನೇ ಗೊತ್ತಾಗ್ತಿಲ್ಲ."

"ನೀವೇ ಸಾರ್," ಎಂದ ಪುಟದಣ್ಣ.

ಕಾರ್ಯದರ್ಶಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಪರವಾಗಿಲ್ವೇ ನಾನು!" ಎಂದವರೇ ಖುಷಿಯಿಂದ ಸಹಿ ಹಾಕಿಬಿಟ್ಟರು.

ನಾಲ್ಕೂ ಮೂವತ್ತೈದು. ಅಚ್ಚುಕೂಟದ ಯಜಮಾನರು ತಮ್ಮ ಸ್ಕೂಟರಿನ ಕೀಲಿಯನ್ನು ಪುಟದಣ್ಣನ ಅಂಗೈಗೆ ಒತ್ತಿದರು. ಅಕ್ಕ ಅವನ ಊಟದ ಡಬ್ಬಿ ತೊಳೆದು ಚೀಲಕ್ಕಿಟ್ಟಿದ್ದರು. "ಉಳಿದದ್ದು ನಾನು ನೋಡ್ಕೋತೀನಿ, ನೀನು ಓಡು. ಏನನ್ನೂ ಅಳಿಸಲ್ಲ, ದೇವರಾಣೆ!"

ಐದಕ್ಕೆ ಎರಡು ನಿಮಿಷ ಇರುವಾಗ ಪುಟದಣ್ಣ ವಾರ್ಡಿಗೆ ನುಗ್ಗಿದ. ಬೆವರು ಒರೆಸಿ, ಇದ್ದ ನಾಲ್ಕು ಕೂದಲನ್ನು ನೀಟಾಗಿ ಬಾಚಿ, ಫೋಟೋಕ್ಕೆ ನಿಂತವನಂತೆ ಹಲ್ಲು ಬಿಟ್ಟುಕೊಂಡು ಮಂಚದ ಕಾಲ್ದೆಸೆಯಲ್ಲಿ ನಿಂತ. ಗೆದ್ದೆ ಎಂದುಕೊಂಡ.

ಯುವಕ ಡಾಕ್ಟರು ಸ್ಟೂಲ್ ಎಳೆದುಕೊಂಡು ತಾಯಿಯ ಮುಖದ ಮೇಲೆ ಬಾಗಿ ಕಟ್ಟು ಬಿಚ್ಚಿದರು. "ನಿಧಾನವಾಗಿ ಕಣ್ಣು ಬಿಡಿ ಅಮ್ಮಾ."

ಕಟ್ಟು ಬಿಚ್ಚುವವರ ಮುಖವೇ ಮೊದಲು ಕಾಣುತ್ತದೆಂಬುದು, ಇಡೀ ದಿನ ಮುಖಗಳನ್ನೇ ಜೋಡಿಸಿದ ಪುಟದಣ್ಣನಿಗೆ ಹೊಳೆದೇ ಇರಲಿಲ್ಲ.

ತಾಯಿ ಕಣ್ಣು ಬಿಟ್ಟರು. ಮುಖ ಅರಳಿತು. ಎರಡೂ ಕೈ ಚಾಚಿ ಡಾಕ್ಟರ ಕೆನ್ನೆ ಹಿಡಿದರು. "ಬಂದ್ಯಾ ಕಂದಾ! ಎಷ್ಟು ಲಕ್ಷಣವಾಗಿದ್ದೀಯೋ! ಒಂದು ಕೂದ್ಲೂ ಉದುರಿಲ್ಲ!"

ಆ ಒಳ್ಳೆಯ ಮನಸ್ಸಿನ ಡಾಕ್ಟರು ಅವರ ಸಂತೋಷ ಕೆಡಿಸಲಾರದೆ, "ಹೂಂ ಅಮ್ಮಾ," ಎಂದುಬಿಟ್ಟರು.

"ಅಮ್ಮಾ... ನಾನಿಲ್ಲಿದ್ದೀನಿ," ಎಂದ ಪುಟದಣ್ಣ ಕಾಲ್ದೆಸೆಯಿಂದ.

ತಾಯಿ ಪಕ್ಕಕ್ಕೆ ವಾಲಿ ನೋಡಿದರು. ಬೋಳು ನೆತ್ತಿ, ಹೊಟ್ಟೆ, ಚಪ್ಪಲಿಯವರೆಗೂ ನೋಡಿದರು. ಮತ್ತೆ ಡಾಕ್ಟರ ಕಡೆ ನೋಡಿದರು. ಕೊನೆಗೆ ಒಂದು ಕೈಯಿಂದ ಮಗನನ್ನು ಹತ್ತಿರ ಎಳೆದುಕೊಂಡರು. ಇನ್ನೊಂದು ಕೈ ಡಾಕ್ಟರ ಕೆನ್ನೆ ಬಿಡಲಿಲ್ಲ.

"ದನಿ ಏನೋ ನಿಂದೇ," ಎಂದು ನಿಟ್ಟುಸಿರಿಟ್ಟರು. "ಮುಖ ಮಾತ್ರ ಯಾರೋ ಬದಲಾಯಿಸಿಬಿಟ್ಟಿದಾರೆ ಕಣೋ."